ಶ್ರೀ ಕೋರೆ ಕ್ಷೇತ್ರ ಮಹಾತ್ಮೆ

ನಮ್ಮ ಉಡುಪಿ ಜಿಲ್ಲೆಯಲ್ಲಿ ಮಹಾತ್ಮೆ ಇಲ್ಲದ ಕ್ಷೇತ್ರ ಹುಡುಕಿದರೂ ಸಿಗದು. ಕೃಷ್ಣಮಠ, ಕೊಲ್ಲೂರುಗಳ ಮಾತಿರಲಿ, ಒಂದು ಹುತ್ತ ಎರಡು ಮರ ಇರುವ ನಾಗಬನಕ್ಕೂ ಇಲ್ಲಿ ಒಂದು ಕಥೆ ಉಂಟು. ಮೇಳದವರು ಅದನ್ನು ಪ್ರಸಂಗ ಮಾಡಿ ಬೆಳಗಿನ ತನಕ ಆಡುತ್ತಾರೆ, ನಾವು ಚಾಪೆ ಹಾಸಿ ಕೂತು ನೋಡುತ್ತೇವೆ. ಆದರೆ ಊರೂರಿನ ಗುಡ್ಡದಲ್ಲಿ ನೆಲೆನಿಂತು, ಹಗಲು ಯಂತ್ರದ ಚೆಂಡೆ, ರಾತ್ರಿ ಪಂಪಿನ ಭಜನೆಯಿಂದ ಭಕ್ತರನ್ನು ಎಚ್ಚರವಾಗಿಟ್ಟಿರುವ ಕಲ್ಲುಕೋರೆಗೆ ಮಾತ್ರ ಇಂದಿನವರೆಗೆ ಒಬ್ಬ ಪ್ರಸಂಗಕರ್ತನೂ ಸಿಕ್ಕಿಲ್ಲ. ಅದರ ಬಗ್ಗೆ ಬರೆದದ್ದೇನಿದ್ದರೂ ಪಂಚಾಯತಿಗೆ ಕೊಟ್ಟ ದೂರು, ತಹಶೀಲ್ದಾರರಿಗೆ ಕೊಟ್ಟ ಮನವಿ, ಗಣಿ ಇಲಾಖೆಗೆ ಕೊಟ್ಟ ಅರ್ಜಿ. ಆ ಪಾಪವನ್ನು ಸ್ವಲ್ಪವಾದರೂ ತೊಳೆಯೋಣವೆಂದು, ಬಾವಿಯಲ್ಲಿ ಕೈ ತೊಳೆಯುವಷ್ಟು ನೀರು ಇರುವಾಗಲೇ ಈ ಮಹಾತ್ಮೆ ಬರೆಯಲು ಕೂತಿದ್ದೇನೆ.

ಮೊದಲು ಕ್ಷೇತ್ರದ ಉತ್ಪತ್ತಿ. ಪರಶುರಾಮ ಕೊಡಲಿ ಎಸೆದ, ಸಮುದ್ರ ಹಿಂದೆ ಸರಿಯಿತು, ನಮಗೆ ನೆಲ ಸಿಕ್ಕಿತು. ಸಮುದ್ರದಿಂದ ಹೀಗೆ ಪಡೆದುಕೊಂಡದ್ದರ ಋಣವನ್ನು ಯಾರು, ಯಾವಾಗ ತೀರಿಸಬೇಕೆಂದು ಮಾತ್ರ ಪುರಾಣ ಹೇಳಲಿಲ್ಲ. ಕೋರೆಯವರು ಯಾರೂ ಕೇಳದೆಯೇ ಆ ಹೊಣೆ ಹೊತ್ತರು. ಗುಡ್ಡ ಕೊರೆದು, ಒಳಗೆ ಒಸರುವ ನೀರನ್ನು ಪಂಪಿನಲ್ಲಿ ಎತ್ತಿ ತೋಡಿಗೆ ಬಿಡುತ್ತಾರೆ. ತೋಡು ಹೊಳೆಗೆ, ಹೊಳೆ ಅರಬ್ಬೀ ಸಮುದ್ರಕ್ಕೆ. ಪರಶುರಾಮ ನೀರು ಸರಿಸಿ ನೆಲ ತಂದ, ಇವರು ನೆಲ ತೆಗೆದು ನೀರು ಮರಳಿಸುತ್ತಿದ್ದಾರೆ. ಲೆಕ್ಕ ಚುಕ್ತಾ.

ಹಿಂದಿನ ಅರಸರಿಗೆ ಈ ಜಾಣ್ಮೆ ಇರಲಿಲ್ಲ. ವೀರಪಾಂಡ್ಯ ಭೈರರಸ 1432ರಲ್ಲಿ ಕಾರ್ಕಳದ ಬಂಡೆಗುಡ್ಡದ ಮೇಲೆ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಕಲ್ಲು ಮೇಲಕ್ಕೆ ಏರಿತು, ನೀರಿಗೆ ತಗ್ಗಿನಲ್ಲಿ ಆನೆಕೆರೆ, ರಾಮಸಮುದ್ರಗಳು ಬೇರೆಯೇ ಬೇಕಾದವು. ಒಂದೇ ಊರಿನಲ್ಲಿ ಎಷ್ಟೊಂದು ದುಂದುವೆಚ್ಚ! ನಮ್ಮ ಕಾಲದಲ್ಲೇ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದ ಮಂಗಳಪಾದೆಯಲ್ಲಿ ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದರು. ಒಂದೇ ಒಂದು ಮೂರ್ತಿಗೆ ವರ್ಷಗಟ್ಟಲೆ ಉಳಿಪೆಟ್ಟು. ಈಗಿನವರು ಬಂಡೆಗೆ ಮದ್ದು ತುಂಬಿ, ಸಂಜೆಯೊಳಗೆ ಮುಕ್ಕಾಲು ಇಂಚಿನ ಜಲ್ಲಿ ಮಾಡಿ ಟಿಪ್ಪರಿಗೆ ಹಾಕುತ್ತಾರೆ, ಬಂಡೆ ಇದ್ದ ಜಾಗದಲ್ಲೇ ಕೆರೆಯನ್ನೂ ಕೊಡುತ್ತಾರೆ. ಗುಡ್ಡವನ್ನೇ ಕೆರೆ ಮಾಡುವ ವಿದ್ಯೆ ಭೈರರಸರಿಗೆ ಗೊತ್ತಿದ್ದರೆ ಆನೆಗಳು ಬೆಟ್ಟದ ಮೇಲೆಯೇ ಮೀಯಬಹುದಿತ್ತು.

ಇನ್ನು ಕೆಂಪುಕಲ್ಲು, ಅಂದರೆ ಮುರಕಲ್ಲು. ಕೋರೆ ಬರುವ ಮೊದಲು ನಮ್ಮ ಪದವುಗಳ ನಡತೆ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು ಹೇಳಲೇಬೇಕು. ಈ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿದ್ದ ನೀರು ಬಿದ್ದ ಹಾಗೆ ಕಡಲಿಗೆ ಹೋಗುವುದು ಸಭ್ಯರ ಲಕ್ಷಣ. ಮುರಕಲ್ಲು ಹಾಗೆ ಬಿಡುವುದಿಲ್ಲ. ಮೈತುಂಬ ತೂತು ಮಾಡಿಕೊಂಡು, ಸರಕಾರಕ್ಕೆ ಲೆಕ್ಕ ಕೊಡದೆ, ಪರವಾನಗಿ ಪಡೆಯದೆ ನೀರನ್ನು ಒಳಗೆ ದಾಸ್ತಾನು ಮಾಡುತ್ತದೆ. ಅದರ ಕೆಳಗಿನ ಶೇಡಿ ಮಣ್ಣೂ ಈ ಒಳಸಂಚಿನಲ್ಲಿ ಪಾಲುದಾರ. ನೀರನ್ನು ಪಾತಾಳಕ್ಕೆ ಇಳಿಯಲು ಬಿಡದೆ ಪಕ್ಕಕ್ಕೆ ದೂಡುತ್ತದೆ. ಹಾಗೆ ದೂಡಿದ್ದು ಗುಡ್ಡದ ಬುಡದಲ್ಲಿ ಒರತೆಯಾಗಿ, ಸುತ್ತಲಿನ ಬಾವಿಗಳಲ್ಲಿ ನೀರಾಗಿ, ಮಳೆ ನಿಂತು ತಿಂಗಳುಗಳು ಕಳೆದ ಮೇಲೂ ಗುಟ್ಟಾಗಿ ವಿಲೇವಾರಿಯಾಗುತ್ತದೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ ಎಂದು ಬರೆದ. ಅಂದಿನಿಂದ ಲೋಕ ಅದರ ಗೋಡೆ ಕಟ್ಟುವ ಗುಣವನ್ನು ಕೊಂಡಾಡುತ್ತ ಬಂದಿದೆ. ನೀರು ಹಿಡಿಯುವ ಗುಣ ಕಲ್ಲಿನ ದರದಲ್ಲಿ ಸೇರುವುದಿಲ್ಲವಾದ್ದರಿಂದ ಅದನ್ನು ಯಾರೂ ಎತ್ತಲಿಲ್ಲ. ಕೋರೆ ಬಂದು ಈ ಅಕ್ರಮ ದಾಸ್ತಾನಿನ ಗೋದಾಮನ್ನೇ ತುಂಡು ತುಂಡು ಮಾಡಿ ಲೋಡಿಗಿಷ್ಟು ಎಂದು ಮಾರಿತು.

ಇದರ ಮೊದಲ ಲಾಭ ರೈತನಿಗೆ. ಬೆಟ್ಟು, ಮಜಲು, ಬೈಲು ಎಂದು ನಮ್ಮಲ್ಲಿ ಗದ್ದೆಗಳು ಮೂರು ಬಗೆ. ಬೈಲುಗದ್ದೆಯವನ ಕಷ್ಟ ಕೇಳುವವರಿರಲಿಲ್ಲ. ಗುಡ್ಡದಿಂದ ಇಳಿಯುವ ನೀರು ನಿಲ್ಲುವುದೇ ಇಲ್ಲವಾಗಿ, ಏಣೆಲು ಮುಗಿದರೆ ಸುಗ್ಗಿ, ಸುಗ್ಗಿ ಮುಗಿದರೆ ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆದು ಬೆನ್ನು ಬಾಗಿಸಿಕೊಳ್ಳುತ್ತಿದ್ದ. ಗುಡ್ಡದ ತಲೆ ಹೋದ ಊರುಗಳಲ್ಲಿ ಈಗ ಕೊಳಕೆಯ ರಗಳೆ ಇಲ್ಲ, ಸುಗ್ಗಿಯೂ ಬಿಡುವು ಕೊಟ್ಟಿದೆ. ಮಳೆಗಾಲದಲ್ಲಿ ಕೋರೆಯಿಂದ ಕೆಂಪು ನೀರು, ಕ್ರಶರಿನಿಂದ ಬಿಳಿ ಹುಡಿಯ ನೀರು ತೋಡಿನಲ್ಲಿ ಇಳಿದು ಗದ್ದೆಯ ಮೇಲೆ ನುಣ್ಣಗೆ ಕೂರುವುದರಿಂದ ಏಣೆಲಿನ ಹೊರೆಯೂ ಕ್ರಮೇಣ ತಗ್ಗುವ ಸೂಚನೆ ಉಂಟು. ಬಿಡುವಾದ ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿ, ಊರಿನಲ್ಲಿ ಕೆಂಪುಕಲ್ಲಿನ ಮನೆ ಕಟ್ಟಿಸಲು ಹಣ ಕಳಿಸುತ್ತಾರೆ. ಕೋರೆಗೆ ಗಿರಾಕಿಯನ್ನೂ ಕೋರೆಯೇ ತಯಾರು ಮಾಡುತ್ತದೆ.

ಎರಡನೆಯ ಲಾಭ ಸಮಾನತೆ. ಹಿಂದೆ ಒಬ್ಬರ ಬಾವಿಯಲ್ಲಿ ಎಂಟು ಕೋಲಿಗೆ ನೀರು, ಇನ್ನೊಬ್ಬರದ್ದರಲ್ಲಿ ಹನ್ನೆರಡು ಕೋಲಿಗೆ, ಇದರಿಂದ ಅತ್ತಿಗೆ ನಾದಿನಿಯರ ನಡುವೆಯೂ ಅಸೂಯೆ. ಕೋರೆಯ ಹೊಂಡ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದ ದಿನದಿಂದ ಅದೇ ಊರಿನ ದೊಡ್ಡ ಬಾವಿ. ನೆಲದೊಳಗಿನ ನೀರು ತಗ್ಗು ಇದ್ದ ಕಡೆ ಸರಿಯುವುದು ಪ್ರಕೃತಿನಿಯಮ. ಪಂಪು ಓಡಿದಷ್ಟೂ ಸುತ್ತಲಿನ ಬಾವಿಗಳ ನೀರು ಅತ್ತ ಜಾರುತ್ತದೆ, ಹತ್ತಿರದ್ದು ಮೊದಲು, ದೂರದ್ದು ಆಮೇಲೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ನಮ್ಮ ಉಡುಪಿಯ ಬ್ಯಾಂಕು ಮನೆಮನೆಯಿಂದ ಎರಡೆರಡು ಆಣೆ ಎತ್ತುವ ಪಿಗ್ಮಿ ಠೇವಣಿ ಶುರುಮಾಡಿ ದೇಶಕ್ಕೇ ಮಾದರಿಯಾಯಿತು. ಕೋರೆಯದ್ದೂ ಅದೇ ಪದ್ಧತಿ, ಮನೆಮನೆಯ ಬಾವಿಯಿಂದ ದಿನಕ್ಕಿಷ್ಟು ಸಂಗ್ರಹ. ವ್ಯತ್ಯಾಸ ಇಷ್ಟೇ, ಇಲ್ಲಿ ಪಾಸ್‌ಬುಕ್ ಇಲ್ಲ, ವಾಪಸಾತಿ ಇಲ್ಲ.

ಈ ತತ್ವ ತಿಳಿಯದವರು ಜಗಳಕ್ಕೆ ಹೋಗುವುದುಂಟು. ನಮ್ಮ ನೆರೆಮನೆಯ ಅಮ್ಮ ಒಮ್ಮೆ ಕೋರೆಯ ರೈಟರನ್ನು ದಾರಿಯಲ್ಲಿ ತಡೆದರು.

“ಹೋಯ್ ರೈಟ್ರೇ, ನಮ್ಮ ಬಾವಿಯಲ್ಲಿ ಕೊಡಪಾನ ಇಳಿಸಿದರೆ ಕಲ್ಲಿಗೆ ತಾಗಿ ಟಣ್ ಅಂತದೆ ಮಾರಾಯ್ರೆ. ಎಂತ ಮಾಡುವುದು?”

“ಅಮ್ಮಾ, ಬಾವಿ ನಿಮ್ಮದು. ಅದರೊಳಗಿನ ನೀರು ಭೂಮಿದೇವಿಯದ್ದು. ಅವಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.”

“ಹಾಗಾದರೆ ರಾತ್ರಿಯಿಡೀ ನಿಮ್ಮ ಪಂಪಿನಲ್ಲಿ ಹೋಗುವುದು ಯಾರದ್ದು?”

“ಅದು ನೀರಲ್ಲ ಅಮ್ಮಾ. ಅದು ನಮ್ಮ ಕೆಲಸಕ್ಕೆ ತೊಂದರೆ.”

ರೈಟರ್ ಓದಿದ್ದು ಎಷ್ಟೋ ಗೊತ್ತಿಲ್ಲ, ಆದರೆ ಅವರ ಬಾಯಲ್ಲಿ ಬಂದದ್ದು ಶುದ್ಧ ನ್ಯಾಯಶಾಸ್ತ್ರ. 1843ರಲ್ಲಿ ಇಂಗ್ಲೆಂಡಿನಲ್ಲಿ ಆಕ್ಟನ್ ಎಂಬ ಹತ್ತಿಗಿರಣಿಯವನು, ಬ್ಲಂಡೆಲ್ ಎಂಬವನ ಕಲ್ಲಿದ್ದಲು ಗಣಿಯಿಂದಾಗಿ ತನ್ನ ಬಾವಿ ಬತ್ತಿತೆಂದು ದಾವೆ ಹೂಡಿದ. ತನ್ನ ಜಾಗದಲ್ಲಿ ತಾನು ಅಗೆದರೆ ನೆರೆಯವನ ಬಾವಿ ಒಣಗಿದರೂ ಅದಕ್ಕೆ ಪರಿಹಾರವಿಲ್ಲ ಎಂದಿತು ನ್ಯಾಯಾಲಯ. ಆ ಜ್ಞಾನ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1882ರ ಈಸ್‌ಮೆಂಟ್ ಕಾಯಿದೆಯ 7ನೇ ಕಲಮು, ನಿರ್ದಿಷ್ಟ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಮೇರೆಯೊಳಗೆ ಹಿಡಿದು ವಿಲೇವಾರಿ ಮಾಡುವುದು ಜಾಗದ ಯಜಮಾನನ ಹಕ್ಕು ಎನ್ನುತ್ತದೆ. ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಅವಿಭಜಿತ ದಕ್ಷಿಣ ಕನ್ನಡಕ್ಕೆ ಮೊದಲ ಕಂತಿನಲ್ಲೇ ಈ ಭಾಗ್ಯ. ನಮ್ಮ ವರ್ಗಜಾಗದವರಿಗೆ ಪಕ್ಕದ ಸರಕಾರಿ ಗುಡ್ಡದಲ್ಲಿ ಸೊಪ್ಪು ಕಡಿಯಲು ಕುಮ್ಕಿ ಸವಲತ್ತು ಉಂಟು. ಅದೇ ಗುಡ್ಡದ ಹೊಟ್ಟೆಯಿಂದ ಬಾವಿಗೆ ಬರುವ ನೀರಿಗೆ ಕುಮ್ಕಿ ಬೇಕೆಂದು ಹಿರಿಯರಿಗೆ ಹೊಳೆಯಲೇ ಇಲ್ಲ. ಗುಡ್ಡವೇ ಒಂದು ದಿನ ಲಾರಿ ಹತ್ತೀತೆಂದು ಯಾರು ಕಂಡಿದ್ದರು?

ಸ್ವತಂತ್ರ ಭಾರತದ ಕಾಯಿದೆಗಳೂ ಕೋರೆಯ ಮರ್ಯಾದೆ ಉಳಿಸಿಕೊಂಡು ಬಂದಿವೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ಕರ್ನಾಟಕ 1999ರಲ್ಲಿ ಮಾಡಿದ ಕಾಯಿದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಬಾವಿ ತೋಡಲು ಅನುಮತಿ ಬೇಕು. ಆರಿಂಚಿನ ಬೋರ್‌ವೆಲ್ ಕೊರೆಸುವವನು ಅರ್ಜಿ ಹಿಡಿದು ನಿಲ್ಲಲಿ. ಒಂದೆರಡು ಎಕರೆಯ ಹೊಂಡಕ್ಕೆ ಬಾವಿ ಎಂಬ ಹೆಸರೇ ಇಲ್ಲ, ನೀರು ಎಷ್ಟು ಬಂದರೂ ಅದು ರೈಟರ್ ಹೇಳಿದ ತೊಂದರೆ. ಸುಪ್ರೀಂ ಕೋರ್ಟು 1996ರಲ್ಲಿ ಕಮಲನಾಥ್ ಪ್ರಕರಣದಲ್ಲಿ ಪ್ರಕೃತಿ ಸಂಪತ್ತಿಗೆ ಸರಕಾರ ಬರೀ ಟ್ರಸ್ಟಿ ಎಂದಿತು. ತಂಪುಪಾನೀಯದ ಕಾರ್ಖಾನೆ ನೀರೆತ್ತಿದ ಪ್ಲಾಚಿಮಡದ ಪ್ರಕರಣದಲ್ಲಿ 2003ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನೇ ಅಂತರ್ಜಲಕ್ಕೂ ಅನ್ವಯಿಸಿ ಭಕ್ತರಲ್ಲಿ ಕಳವಳ ಹುಟ್ಟಿಸಿತು. 2005ರಲ್ಲಿ ಅದೇ ಕೋರ್ಟಿನ ದ್ವಿಸದಸ್ಯ ಪೀಠ ಜಾಗದ ಯಜಮಾನನ ಪರವಾಗಿ ತೀರ್ಪು ಬದಲಿಸಿದಾಗ ನಮ್ಮ ಹೋದ ಜೀವ ಬಂತು.

ಕ್ಷೇತ್ರವೆಂದ ಮೇಲೆ ವ್ರತನಿಯಮಗಳು ಇರಲೇಬೇಕು. ಸುಪ್ರೀಂ ಕೋರ್ಟಿನ 2012ರ ದೀಪಕ್ ಕುಮಾರ್ ತೀರ್ಪಿನ ನಂತರ 5 ಹೆಕ್ಟೇರಿಗಿಂತ ಸಣ್ಣ ಕೋರೆಗೂ ಪರಿಸರ ಅನುಮತಿ ಬೇಕಾಯಿತು. ಅನುಮತಿ ಪತ್ರಗಳ ಷರತ್ತುಗಳು ಸ್ತೋತ್ರದಷ್ಟು ಮಧುರ. ಅಂತರ್ಜಲದ ಮಟ್ಟ ಮುಟ್ಟಬಾರದು, ಮುಟ್ಟುವುದಿದ್ದರೆ ಬೇರೆ ಒಪ್ಪಿಗೆ ಪಡೆಯಬೇಕು. ಹೊಂಡದ ಸುತ್ತ ಚರಂಡಿ ತೆಗೆಯಬೇಕು, ಕೆಸರುನೀರು ತಿಳಿಯಾಗಲು ಗುಂಡಿ ಮಾಡಬೇಕು. ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ, ಏಪ್ರಿಲ್–ಮೇ, ಆಗಸ್ಟ್, ನವೆಂಬರ್ ಮತ್ತು ಜನವರಿಯಲ್ಲಿ ಅಳೆಯಬೇಕು. ನಮ್ಮ ಓಣಿಯಲ್ಲಿ ಅಳೆಯುವವರನ್ನು ಕಣ್ಣಾರೆ ಕಂಡವರಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬ ಸಾತ್ವಿಕ ಭಾವದಿಂದ ರಾತ್ರಿ ಬಂದು ಅಳೆದು ಹೋಗುತ್ತಿರಬೇಕು. ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ರಂದು ಒಪ್ಪಿಸಬೇಕು. ಎಂಥ ಮುಹೂರ್ತ! ಡಿಸೆಂಬರಿನಲ್ಲಿ ಮಳೆಗಾಲದ ನೀರು ಬಾವಿಯಲ್ಲಿ ಇನ್ನೂ ಉಂಟು. ಜೂನ್ 1 ಎಂದರೆ ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ. ವರದಿ ಓದಿ ಯಾರಾದರೂ ನೋಡಲು ಹೊರಡುವ ಹೊತ್ತಿಗೆ ಬಾವಿ ತುಂಬಿರುತ್ತದೆ, ದೂರು ಕೊಟ್ಟವರ ಮುಖ ಮಾತ್ರ ಸಣ್ಣದಾಗಿರುತ್ತದೆ.

ಇಲ್ಲಿ ಒಂದು ಮುಜುಗರದ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಭೂಮಿ ಅಗೆದರೆ ಅಂತರ್ಜಲ ಇಳಿಯಲೇಬೇಕು, ಅದು ಯಾರ ಕೈಯಲ್ಲೂ ಇಲ್ಲ ಎಂಬುದು ನಮ್ಮ ಸಂಪ್ರದಾಯದ ಮೂಲಮಂತ್ರ. ಈ ಮಂತ್ರವನ್ನು ಕಾಪು ತಾಲೂಕಿನ ಪಾದೂರು ಸುಳ್ಳು ಮಾಡಿಬಿಟ್ಟಿದೆ. ಅಲ್ಲಿ ನೆಲದಡಿಯ ಬಂಡೆಯಲ್ಲಿ ಸುಮಾರು 20 ಮೀಟರ್ ಅಗಲ, 30 ಮೀಟರ್ ಎತ್ತರದ ಗುಹೆಗಳನ್ನು ಕೊರೆದು, ತುರ್ತುಕಾಲಕ್ಕೆಂದು ದೇಶದ ಕಚ್ಚಾತೈಲ ತುಂಬಿಸಿಡುವ ವ್ಯವಸ್ಥೆ ಮಾಡಿದ್ದಾರೆ. ಸಾಮರ್ಥ್ಯ 25 ಲಕ್ಷ ಟನ್. ವಿಶಾಖಪಟ್ಟಣ, ಮಂಗಳೂರು, ಪಾದೂರು ಮೂರೂ ಸೇರಿ 53 ಲಕ್ಷ ಟನ್ನಿಗೆ ಮಿಕ್ಕಿ. 2021ರಲ್ಲಿ ಕೇಂದ್ರ ಸಂಪುಟ ಪಾದೂರಿನಲ್ಲಿ ಎರಡನೆಯ ಹಂತಕ್ಕೂ ಒಪ್ಪಿಗೆ ಕೊಟ್ಟಿತು. ಈ ಗುಹೆಗಳಿಗೆ ಒಳಗಿನಿಂದ ಉಕ್ಕಿನ ಹೊದಿಕೆ ಇಲ್ಲ. ಎಣ್ಣೆ ಬಂಡೆಯ ಬಿರುಕುಗಳಲ್ಲಿ ಸೋರಿಹೋಗದಂತೆ ತಡೆಯುವುದು ಬೇರೇನೂ ಅಲ್ಲ, ಅಂತರ್ಜಲ. ಸುತ್ತಲಿನ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿದ್ದರೆ ನೀರು ಒಳಗೆ ಜಿನುಗುತ್ತದೆ, ಎಣ್ಣೆ ಹೊರಗೆ ಹೋಗಲಾರದು. ಜಿನುಗಿದ ನೀರನ್ನು ತಳದಿಂದ ಎತ್ತುತ್ತಾರೆ. ಮೇಲಿನ ನೀರು ಇಳಿಯದಂತೆ ಗುಹೆಗಳ ನೆತ್ತಿಯ ಮೇಲೆ ಸುರಂಗ ತೋಡಿ, ಸಾಲಾಗಿ ರಂಧ್ರ ಕೊರೆದು, ಅವುಗಳಿಗೆ ನೀರು ಊಡುತ್ತಾರೆ. ಜಲಪರದೆ ಎನ್ನಬಹುದಾದ ಈ ವಿದ್ಯೆ ಸ್ವೀಡನ್ ಮೊದಲಾದ ಉತ್ತರದ ದೇಶಗಳಲ್ಲಿ ಬೆಳೆದದ್ದು. ಅಂತರ್ಜಲ ಎಲ್ಲಿದೆ ಎಂದು ಮಾಪಕ ಇಳಿಸಿ ನೋಡುತ್ತಲೇ ಇರಬೇಕು, ಮಟ್ಟ ತಗ್ಗಿದರೆ ಎಣ್ಣೆಗೆ ಅಪಾಯ.

ಅಂದರೆ ನಮ್ಮ ಜಿಲ್ಲೆಯ ಇದೇ ಬಂಡೆಯಲ್ಲಿ, ಯಾವ ಕೋರೆಯೂ ಕನಸು ಕಾಣದಷ್ಟು ದೊಡ್ಡದಾಗಿ ಅಗೆದೂ ನೀರನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸಬಹುದು, ಅಳೆಯಬಹುದು, ಇಳಿದರೆ ಮರಳಿ ತುಂಬಬಹುದು. ಇದನ್ನು ನೋಡಿ ಕೆಲವು ಅವಿವೇಕಿಗಳು, ಎಣ್ಣೆಗಾಗಿ ಮಾಡುವುದನ್ನು ಬಾವಿಗಾಗಿ ಯಾಕೆ ಮಾಡಬಾರದು ಎಂದು ಕೇಳತೊಡಗಿದ್ದಾರೆ. ನೀರು ಎತ್ತುವ ಕೋರೆಯವನು ಅದನ್ನು ತೋಡಿಗೆ ಬಿಡುವ ಬದಲು ಪಕ್ಕದ ಮದಕಕ್ಕೋ ಇಂಗುಗುಂಡಿಗೋ ಬಿಡಲಿ, ಹತ್ತಿರದ ಬಾವಿಗಳ ಮಟ್ಟವನ್ನು ಪಂಚಾಯತಿಯ ಗೋಡೆಯಲ್ಲಿ ಬರೆಸಲಿ, ಇಂತಿಷ್ಟು ಇಳಿದರೆ ಪಂಪು ನಿಲ್ಲಿಸಲಿ ಎನ್ನುತ್ತಾರೆ. ಅಂತಸ್ತು ತಿಳಿಯದ ಮಾತು. ಕಚ್ಚಾತೈಲ ಹಡಗಿನಲ್ಲಿ, ಡಾಲರ್ ಕೊಟ್ಟು ತಂದದ್ದು, ಅದಕ್ಕೆ ನೀರಿನ ಹಕ್ಕು ಸಹಜ. ಅಮ್ಮನ ಕೊಡಪಾನದ ನೀರು ಆಕಾಶದಿಂದ ಪುಕ್ಕಟೆ ಬಿದ್ದದ್ದು.

ಹಾಗೆಂದು ಕೋರೆ ನಿರ್ದಯಿಯಲ್ಲ. ಕೇಂದ್ರದ ಗಣಿ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿಗಾರಿಕೆಯಿಂದ ಬಾಧಿತವಾದ ಊರಿಗೆ ಅದರ ಹಣದಲ್ಲಿ ಕೊಡಬೇಕಾದದ್ದರ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಕುಡಿಯುವ ನೀರಿದೆ. ಬಾವಿಯಿಂದ ಹೋದದ್ದು ನಿಧಿಯಿಂದ ಬರುತ್ತದೆ, ನಡುವೆ ಒಂದು ಟೆಂಡರು. ಜಲಜೀವನ್ ಮಿಷನ್ 2019ರಲ್ಲಿ ಶುರುವಾಗಿ ಮನೆ ಮುಂದೆ ನಳ್ಳಿಯೂ ನಿಂತಿದೆ. ನಳ್ಳಿಗೆ ನೀರು ಎಲ್ಲಿಂದ ಎಂದು ಕೇಳಬಾರದು, ದಾನದ ಹಸುವಿನ ಹಲ್ಲು ಎಣಿಸಬಾರದು. ಏಪ್ರಿಲ್ ಬಂತೆಂದರೆ ಟ್ಯಾಂಕರು ಬರುತ್ತದೆ, ಅದರ ಹಿಂದೆ ಓಡುವ ನೆಪದಲ್ಲಾದರೂ ನೆರೆಕರೆಯವರ ಭೇಟಿಯಾಗುತ್ತದೆ. ಪೇಟೆಯವರೂ ಈ ಸುಖದಿಂದ ವಂಚಿತರಲ್ಲ. ಉಡುಪಿ ಮತ್ತು ಗುಡ್ಡದ ಮೇಲಿನ ಮಣಿಪಾಲ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ಕುಡಿಯುತ್ತ ಬಂದಿವೆ. 2019ರ ಮೇ ತಿಂಗಳಲ್ಲಿ ಅಲ್ಲಿ ತಳ ಕಂಡು, ನದಿಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪಿನಲ್ಲಿ ಎಳೆದು ತಂದು, ಸರದಿಯಂತೆ ಬಿಡಬೇಕಾಯಿತು. 4,000 ಮಿಲಿಮೀಟರ್ ಮಳೆಯ ಊರಿಗೆ ಬೇಸಿಗೆಯಲ್ಲಿ ನದಿ ಬತ್ತಲು ಕಾರಣ ಹಲವು. ಗುಡ್ಡಗಳು ಮೊದಲಿನಂತೆ ನೀರು ಬಚ್ಚಿಟ್ಟುಕೊಳ್ಳದಿರುವುದೂ ಅವುಗಳಲ್ಲಿ ಒಂದು. ಅದಕ್ಕೆ ಸಲ್ಲಬೇಕಾದ ಕೀರ್ತಿಯ ಪಾಲನ್ನು ಕೋರೆಯಿಂದ ಕಸಿಯಬಾರದು.

ಕಲ್ಲು ಮುಗಿದ ಕೋರೆ ಇನ್ನೂ ಉದಾರಿ. ತುಂಬಿ ನಿಂತ ಹಸಿರು ನೀರು, ಕಡಿದಾದ ಗೋಡೆ, ಕಾಲಿಡಲು ಮೆಟ್ಟಿಲಿಲ್ಲ, ಸುತ್ತ ಬೇಲಿಯಿಲ್ಲ. ಹೊಂಡ ಮುಚ್ಚುವ ಯೋಜನೆ ಕಡತದಲ್ಲಿ ಸುರಕ್ಷಿತವಾಗಿದೆ. ರಜೆಯಲ್ಲಿ ಮಕ್ಕಳು ಈಜಲು ಹೋಗುತ್ತಾರೆ. ಹೋದ ಎಲ್ಲರೂ ಮರಳುವುದಿಲ್ಲ. ಅದನ್ನು ಪತ್ರಿಕೆಯವರು ಒಳಪುಟದಲ್ಲಿ ಎರಡು ಇಂಚಿನಲ್ಲಿ ಹಾಕುತ್ತಾರೆ, ನಾವು ಓದಿ ಪುಟ ತಿರುಗಿಸುತ್ತೇವೆ. ಈ ಅಧ್ಯಾಯಕ್ಕೆ ಸರಿಯಾದ ಹೊಗಳಿಕೆ ನನಗೆ ಸಿಗಲಿಲ್ಲ.

ಕೋರೆಗೆ ನಮ್ಮ ಮೇಲಿರುವ ಹಿಡಿತ ಎಷ್ಟೆಂದು ತಿಳಿಯಲು 2025ನ್ನು ನೆನೆದರೆ ಸಾಕು. ಆ ವರ್ಷ ಕರಾವಳಿಯಲ್ಲಿ ಕೆಂಪುಕಲ್ಲು ಸಿಗದೆ ಮನೆಕೆಲಸಗಳು ನಿಂತವು, ಕೂಲಿ ನಿಂತಿತು, ಪ್ರತಿಭಟನೆಗಳಾದವು. ಕಲ್ಲಿಲ್ಲದೆ ಬದುಕಿಲ್ಲ ಎಂಬುದು ಸುಳ್ಳಲ್ಲ, ಇದನ್ನು ಬರೆಯುತ್ತಿರುವ ಮನೆಯ ಗೋಡೆಯೂ ಅದೇ ಕಲ್ಲಿನದ್ದು. ಕಲ್ಲಿನ ದರ, ರಾಜಧನ, ಪರ್ಮಿಟುಗಳ ಬಗ್ಗೆ ಎಲ್ಲರೂ ಮಾತಾಡಿದರು. ಕಲ್ಲಿನ ಜೊತೆ ಹೋಗುವ ನೀರಿಗೆ ದರ ಎಷ್ಟು ಎಂಬ ಅಪಸ್ವರ ಹೆಚ್ಚಾಗಿ ಏಳಲಿಲ್ಲ. ಭಕ್ತಿ ಎಂದರೆ ಇದು.

ಇನ್ನು ಫಲಶ್ರುತಿ. ಈ ಮಹಾತ್ಮೆಯನ್ನು ಓದಿದವರ, ಕೇಳಿದವರ ಬಾವಿಗೆ ಎಂದೂ ಪಾಚಿ ಕಟ್ಟದು, ಕಪ್ಪೆ ಬೀಳದು, ಪಂಪಿನ ಕರೆಂಟು ಬಿಲ್ಲು ಬಾರದು. ಕ್ಷೇತ್ರದ ಮಹಿಮೆ ಕೆಡದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ. ಆದ್ದರಿಂದ ದಯವಿಟ್ಟು ಬರುವ ಮೇ ತಿಂಗಳಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ನಿಮ್ಮ ಬಾವಿಯ ನೀರಿನ ಮಟ್ಟ ಅಳೆಯಬೇಡಿ. ಅಳೆದರೂ ದಿನಾಂಕ ಹಾಕಿ ಬರೆದಿಡಬೇಡಿ. ನೆರೆಯ ಮನೆಗಳ ಲೆಕ್ಕವನ್ನೂ ಸೇರಿಸಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಬೇಡಿ. ಪಕ್ಕದ ಕೋರೆಯ ಅನುಮತಿ ಪತ್ರದ ಷರತ್ತುಗಳನ್ನೂ ಅರ್ಧವಾರ್ಷಿಕ ವರದಿಗಳನ್ನೂ ಮಾಹಿತಿ ಹಕ್ಕಿನಲ್ಲಿ ತರಿಸಿ, ನಿಮ್ಮ ಹಗ್ಗದ ಅಳತೆಯ ಪಕ್ಕದಲ್ಲಿಟ್ಟು ನೋಡಲೇಬೇಡಿ. ಊರಿಗೆ ಊರೇ ಹೀಗೆ ಮಾಡತೊಡಗಿದರೆ, ಈ ಮಹಾತ್ಮೆ ಬರೀ ದೂರು ಅರ್ಜಿಯಾಗಿಬಿಡುತ್ತದೆ, ಅದೂ ಸಾಕ್ಷಿಸಮೇತ.